ಉಮರಾಕರ ಬೆಂಚಿನ ಇಂಗ್ಲಿಷ್ ಚರಿತ್ರೆ

ಮೊನ್ನೆ ಗುರುವಾರ ಸಂಜೆ ಕುವೈತಿನ ಖೈತಾನಿನಲ್ಲಿರುವ ನನ್ನ ಕೋಣೆಯಲ್ಲಿ ಸಾರಿಗೆಂದು ಹುಣಸೆಹಣ್ಣು ನೆನೆಹಾಕಿ ಕಿವುಚುತ್ತಿದ್ದೆ. ವಾಸನೆ ಮೂಗಿಗೆ ಬಂದದ್ದೇ ತಡ, ಇಂಗ್ಲೆಂಡು ನೆನಪಾಯಿತು. ನಾನು ಇಂಗ್ಲೆಂಡಿಗೆ ಹೋದವನಲ್ಲ, ಹೋಗುವ ಅಂದಾಜೂ ಇಲ್ಲ. ಆದರೂ ಹುಳಿ ಮತ್ತು ಉಪ್ಪು ಸೇರಿದ ವಾಸನೆ ನನ್ನ ಪಾಲಿಗೆ ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಬ್ಬಿನ ವಾಸನೆ. ನೀವು ನಗಬಹುದು. ಆದರೆ ಆ ಪಬ್ಬಿನ ಕೌಂಟರಿನ ಬುಡದಲ್ಲಿ, ನಿಂತವರು ಕಾಲಿಡುವುದಕ್ಕೆಂದು ಹಾಕಿದ್ದ ಹದಿನೆಂಟು ಅಡಿಯ ಹಿತ್ತಾಳೆ ಸರಳನ್ನು ಪ್ರತಿ ಶನಿವಾರ ಹುಳಿ ಹಚ್ಚಿ ತಿಕ್ಕುತ್ತಿದ್ದವರು ಉಮರಾಕ. ಪಕ್ಕದಲ್ಲಿ ನಿಂತು, ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳುತ್ತಿದ್ದವನು ನಾನು. ಸರಾಸರಿ ನಲವತ್ತೆರಡು ನಿಮಿಷ.

ಈ ಬರೆದುಕೊಳ್ಳುವ ಚಾಳಿ ಹೇಗೆ ಅಂಟಿತೆಂದು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದೆ ನೀವು ನನ್ನನ್ನು ಪೂರ್ತಿ ತಲೆಕೆಟ್ಟವನೆಂದು ತಿಳಿಯುತ್ತೀರಿ. ಈಗ ಅರ್ಧ ತಿಳಿದರೆ ಸಾಕು. ಕುವೈತಿಗೆ ಬಂದ ಹೊಸದರಲ್ಲಿ ಮೀನಾ ಅಬ್ದುಲ್ಲಾದ ಒಂದು ಗೋದಾಮಿನಲ್ಲಿ ಬೋಲ್ಟು, ನಟ್ಟು, ವಾಷರು ಎಣಿಸುವ ಕೆಲಸ ಸಿಕ್ಕಿತ್ತು. ಎರಡು ವರ್ಷ ವಾಷರು ಎಣಿಸಿದವನಿಗೆ ಕಣ್ಣಿಗೆ ಬಿದ್ದದ್ದನ್ನೆಲ್ಲ ಎಣಿಸದಿದ್ದರೆ ಊಟ ಸೇರುವುದಿಲ್ಲ. ದಿನವೂ ಡೈರಿ ಬರೆಯುತ್ತೇನೆ. ಪುಟದ ಕೊನೆಗೆ ಒಂದು ಗೆರೆ ಎಳೆದು ಆ ದಿನ ಹೇಳಿದ ಸುಳ್ಳುಗಳ ಸಂಖ್ಯೆಯನ್ನೂ ಬರೆಯುತ್ತೇನೆ. ಹೆಚ್ಚಿನ ದಿನ ಸೊನ್ನೆ. ಅಮ್ಮನಿಗೆ ಫೋನು ಮಾಡಿದ ದಿನ ಮಾತ್ರ ಎರಡೋ ಮೂರೋ.

ಗೋದಾಮಿನಿಂದ ನಾನು ಕುವೈತ್ ಸಿಟಿಯ ಒಂದು ಕಚೇರಿಗೆ ಬಂದೆ. ಗೋದಾಮು, ಕಚೇರಿ ಎರಡಕ್ಕೂ ಒಬ್ಬರೇ ಮಾಲೀಕರು; ಅವರನ್ನು ಎಲ್ಲರೂ ಬೂ ಸಾಲೆಮ್ ಎನ್ನುತ್ತಿದ್ದರು. ಸಾಲೆಮನ ಅಪ್ಪ ಎಂದರ್ಥ. ಹಳೇ ಸೂಕಿನ, ಅಂದರೆ ಪೇಟೆಯ, ಹಿಂದಿನ ಬೀದಿಯಲ್ಲಿ ಅವರದೊಂದು ಕಟ್ಟಡವಿತ್ತು. ಅದರ ಕೆಳಗಿನ ಮಳಿಗೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಚಹಾದ ಕೆಫೆಟೇರಿಯ ನಡೆಸುತ್ತಿದ್ದವರೇ ಉಮರಾಕ. ಬಂಟ್ವಾಳದ ಕಡೆಯ ಬ್ಯಾರಿ. ಹೆಸರು ಉಮರ್; ವಯಸ್ಸಿಗೆ ಮರ್ಯಾದೆ ಕೊಟ್ಟು ಬ್ಯಾರಿಗಳು, ತುಳುವರು ಎಲ್ಲರೂ ಉಮರಾಕ ಎಂದೇ ಕರೆಯುತ್ತಿದ್ದದ್ದು. ನಾಲ್ಕು ಮೇಜು, ಒಂದು ಉದ್ದ ಬೆಂಚು. ಶುಕ್ರವಾರ ಜುಮಾ ನಮಾಜು ಮುಗಿದ ಮೇಲೆ ಆ ಬೆಂಚಿನಲ್ಲಿ ನಮ್ಮ ಕಡೆಯವರು ಬಂದು ಕುಳಿತರೆ ಏಳುವುದು ಸಂಜೆಗೆ. ಒಬ್ಬೊಬ್ಬರದು ಒಂದೊಂದೇ ಚಹಾ. ಅಲ್ಲಿ ಹೆಣ್ಣು ನೋಡುವ ಮಾತುಕತೆ ಆಗುತ್ತಿತ್ತು, ಇಕಾಮಾ, ಅಂದರೆ ಇಲ್ಲಿ ಇರಲು ಕೊಡುವ ಪರವಾನಗಿ, ಮುಗಿದವನಿಗೆ ದಾರಿ ಹೇಳುತ್ತಿದ್ದರು, ಊರಿಗೆ ಹೋಗುವವನ ಪೆಟ್ಟಿಗೆಯಲ್ಲಿ ಯಾರ ಸಾಮಾನಿಗೆ ಎಷ್ಟು ಜಾಗ ಎಂದು ಜಗಳವಾಡುತ್ತಿದ್ದರು. ಎಲ್ಲರಿಗಿಂತ ಮೊದಲು ಬಂದು ಕೊನೆಗೆ ಏಳುತ್ತಿದ್ದವರು ಸುರತ್ಕಲ್ಲಿನ ಶೇಖರಣ್ಣ, ದರ್ಜಿ. ನನಗೆ 'ರಿಜಿಸ್ಟರ್' ಎಂದು ಹೆಸರಿಟ್ಟವರೂ ಅವರೇ.

ಹೀಗಿರುವಾಗ ಬೂ ಸಾಲೆಮ್ ಒಂದು ಪಬ್ಬು ಕೊಂಡರು.

ತಪ್ಪು ತಿಳಿಯಬೇಡಿ. ಹುಡುಗನಾಗಿದ್ದಾಗ ಅವರು ಓದಿದ್ದು ಇಂಗ್ಲೆಂಡಿನ ಒಂದು ಸಣ್ಣ ಊರಿನಲ್ಲಿ. ವಾಸದ ಬೀದಿಯ ಮೂಲೆಯಲ್ಲಿ ಒಂದು ಹಳೇ ಪಬ್ಬು. ಅವರು ಅಲ್ಲಿ ಕಿತ್ತಳೆ ರಸ ಕುಡಿದು, ಕರಿದ ಬಟಾಟೆ ತಿಂದು, ಚಳಿಗೆ ಬೆಂಕಿಯ ಮುಂದೆ ಕುಳಿತು ಪಾಠ ಓದಿದವರು. ಆ ಕಟ್ಟಡವನ್ನು ಕೆಡವುತ್ತಾರೆಂದು ತಿಳಿದಾಗ ಕಣ್ಣಲ್ಲಿ ನೀರು ತಂದುಕೊಂಡು ಅದರ ಒಳಗಿದ್ದದ್ದನ್ನೆಲ್ಲ ಬಿಚ್ಚಿಸಿ, ಕಂಟೇನರಿಗೆ ತುಂಬಿಸಿ ಶುವೈಖ್ ಬಂದರಿಗೆ ತರಿಸಿಬಿಟ್ಟರು. ಕೌಂಟರು, ಗೋಡೆಯ ಹಲಗೆಗಳು, ಕನ್ನಡಿ, ಬೆಂಚುಗಳು, ಬೆಂಕಿಗೂಡಿನ ಚೌಕಟ್ಟು, ಬಾಗಿಲಿನ ಮೇಲಿನ ಫಲಕ, ಕಾಗದ ಪತ್ರ ತುಂಬಿದ ಒಂದು ತಗಡಿನ ಪೆಟ್ಟಿಗೆ. ಮದ್ಯದ ಹನಿಯೂ ಸಿಗದ ದೇಶದಲ್ಲಿ ಅದನ್ನು ಜೋಡಿಸಿ ಅಲ್ಲಿ ನಿಂಬೆ-ಪುದಿನ ರಸ ಮತ್ತು ಚಹಾ ಮಾರುವುದು ಅವರ ಯೋಜನೆ. ಜೋಡಿಸುವ ಜಾಗ, ಉಮರಾಕರ ಕೆಫೆಟೇರಿಯ.

ಉಮರಾಕರನ್ನು ಬೀದಿಗೆ ಹಾಕಲಿಲ್ಲ, ಅದನ್ನು ಹೇಳಬೇಕು. ಪಬ್ಬಿನ ಮ್ಯಾನೇಜರ್ ಮಾಡಿದರು. ಕಪ್ಪು ಕೋಟು, ಕತ್ತಿಗೆ ಚಿಟ್ಟೆಯಂಥ ಟೈ. ಉಮರಾಕ ಅದನ್ನು ಹಾಕಿಕೊಂಡು ಮೊದಲ ದಿನ ಕನ್ನಡಿಯ ಮುಂದೆ ನಿಂತು ಟೈಯನ್ನು ಎರಡು ಸಲ ಸರಿಮಾಡಿಕೊಂಡರು. ಆಮೇಲೆ ನನ್ನನ್ನು ಕೇಳಿದರು: "ನಲ್ವತ್ತು ವರ್ಷ ನಮಾಜು ತಪ್ಪಿಸ್ಲಿಲ್ಲ ಮಾರಾಯ. ಈಗ ಪಬ್ಬಿನ ಯಜಮಾನ. ಊರಿಗೆ ಎಂತ ಹೇಳುದು?" ಊರಿಗೆ ಅವರು ಹೇಳಿದ್ದು, ಹಳೇ ಮರದ ಸಾಮಾನಿನ ಹೋಟೆಲು ಎಂದು.

ಜೋಡಣೆಯ ಸಮಯದಲ್ಲಿ ಹಲಗೆ ಎಣಿಸುವ ಕೆಲಸ ನನ್ನದು. ಒಟ್ಟು ಆರುನೂರ ಹನ್ನೆರಡು ತುಂಡು. ಪ್ರತಿಯೊಂದರ ಬೆನ್ನಿಗೂ ಇಂಗ್ಲೆಂಡಿನವರು ಸೀಸದಕಡ್ಡಿಯಲ್ಲಿ ಸಂಖ್ಯೆ ಬರೆದಿದ್ದರು. ಅವರ ಒಂದನೆಯ ಹಲಗೆ ಎಡತುದಿಯದು. ನಮ್ಮ ಬಡಗಿಗಳ ಮೇಸ್ತ್ರಿ ಬಲದಿಂದ ಎಡಕ್ಕೆ ಬರೆಯುವ ಅರಬ್ಬಿ ಓದಿ ಬೆಳೆದವನು. ಅವನಿಗೆ ಒಂದು ಎಂದರೆ ಬಲತುದಿ. ಅವನು ಬಲದಿಂದ ಶುರು ಮಾಡಿದ. ಇನ್ನೂರ ಹದಿನಾಲ್ಕನೆಯ ಹಲಗೆ ಏರುವಾಗ ನಾನು ಹಳೇ ಫೋಟೊ ನೋಡಿದೆ. ಪಬ್ಬು ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗಾಗಿ ಏಳುತ್ತಿತ್ತು. ಆಗ ನಾನು ಮಾಡಿದ್ದೇನು ಎನ್ನುತ್ತೀರಿ? ಡೈರಿಯಲ್ಲಿ ಬರೆದುಕೊಂಡೆ. ನನ್ನ ಕೆಲಸ ಎಣಿಸುವುದು, ದಿಕ್ಕು ನೋಡುವುದಲ್ಲ. ಹಲಗೆಗಳ ಸಂಖ್ಯೆ ಸರಿಯಾಗಿಯೇ ಇತ್ತು. ಹೀಗೆ ಇಂಗ್ಲೆಂಡಿನಲ್ಲಿ ಎಡಗಡೆಯ ಕತ್ತಲ ಮೂಲೆಯಲ್ಲಿ, ಶೌಚದ ಬಾಗಿಲಿನ ಪಕ್ಕ ಬಿದ್ದಿದ್ದ ಉದ್ದ ಬೆಂಚು ನಮ್ಮಲ್ಲಿ ಬಲಗಡೆ ಬೀದಿ ಕಿಟಕಿಯ ಹತ್ತಿರ, ಏಸಿಯ ಗಾಳಿ ನೇರ ಬೀಳುವ ಜಾಗಕ್ಕೆ ಬಂದು ಕುಳಿತಿತು. ಬೂ ಸಾಲೆಮ್ ಒಳಗೆ ಬಂದು ನೋಡಿ ಮನಸಾರೆ ಮೆಚ್ಚಿದರು. ಯಾಕೋ ಬೆಳಕು ಸ್ವಲ್ಪ ಹೆಚ್ಚಾಗಿದೆ ಎಂದು ಮಾತ್ರ ಅಂದರು.

ಅವರ ಹುಚ್ಚು ಒಂದೇ: ಎಲ್ಲವೂ 'ಅಸ್ಲಿ' ಇರಬೇಕು. ಅಲ್ಲಿ ಹೇಗಿತ್ತೋ ಇಲ್ಲಿಯೂ ಹಾಗೆ. ಬೆಂಕಿಗೂಡು ಇದ್ದ ಮೇಲೆ ಬೆಂಕಿ ಇರಬೇಕು. ಆದ್ದರಿಂದ ಜುಲೈ ತಿಂಗಳಲ್ಲಿ, ಹೊರಗೆ ಹಕ್ಕಿ ಹಾರದ ಬಿಸಿಲಿರುವಾಗ, ಒಳಗೆ ಕರೆಂಟಿನ ಬೆಂಕಿ ಉರಿಯುತ್ತಿತ್ತು. ಆ ಬೆಂಕಿ ತಾಗದಂತೆ ಏಸಿ ಹದಿನಾರಕ್ಕೆ ಓಡುತ್ತಿತ್ತು. ಗಿರಾಕಿಗಳು ಸ್ವೆಟರು ತರುತ್ತಿದ್ದರು. ಅಸ್ಲಿಗೆ ಒಂದೇ ಒಂದು ವಿನಾಯಿತಿ ಫಲಕಕ್ಕೆ ಸಿಕ್ಕಿತು. ಪಬ್ಬಿನ ಹೆಸರು ಬಿಳಿ ಹಂದಿ. ಫಲಕದಲ್ಲಿ ಕೋರೆಹಲ್ಲಿನ ಹಂದಿಯ ಚಿತ್ರ. ಬೂ ಸಾಲೆಮ್ ಪೈಂಟರನ್ನು ಕರೆಸಿ "ಹಂದಿ ಖಲಾಸ್" ಎಂದರು. ಪೈಂಟರು ಕೋರೆ ಅಳಿಸಿ, ಮೈಗೆಲ್ಲ ಗುಂಗುರು ಉಣ್ಣೆ ಬಿಡಿಸಿ ಕುರಿ ಮಾಡಿದ. ಬಾಲ ಮಾತ್ರ ಸುರುಳಿ ಸುತ್ತಿಕೊಂಡೇ ಉಳಿಯಿತು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮೇ ತಿಂಗಳಲ್ಲಿ ಪಬ್ಬು ತೆರೆಯಿತು. ತೆರೆದ ದಿನವೇ ಬಾಗಿಲಿಗೆ ನಿಯಮ ಬಿತ್ತು: ಊಟಕ್ಕೆ ಹೇಳಿದವರಿಗೆ ಮಾತ್ರ ಜಾಗ, ಅದೂ ಎರಡು ಗಂಟೆ. ಒಂದು ಚಹಾಕ್ಕೆ ಸಂಜೆಯವರೆಗೆ ಕೂರುವ ಶುಕ್ರವಾರದವರು ಹೊರಗಾದರು. ಉಮರಾಕರ ಸಂಬಳ ಏರಿತ್ತು, ಇಕಾಮಾ ಭದ್ರವಾಗಿತ್ತು. ಆದರೂ ಅವರು ಶುಕ್ರವಾರ ಬಂದರೆ ಒಳಗಿನಿಂದ ಬೀದಿಯ ಕಡೆ ಮುಖ ಹಾಕುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಇಷ್ಟೇ: ಕಿಟಕಿ ಪಕ್ಕದ ಆ ಉದ್ದ ಬೆಂಚು ವಾರದಲ್ಲಿ ಒಂದು ದಿನ ತನ್ನವರಿಗೆ ಸಿಗಬೇಕು. ಬೂ ಸಾಲೆಮರನ್ನು ಒಮ್ಮೆ ಕೇಳಿಯೂ ಕೇಳಿದರು. ಅವರು ಸಿಟ್ಟು ಮಾಡಲಿಲ್ಲ. ಇಂಗ್ಲೆಂಡಿನಲ್ಲಿ ಹಾಗೆ ಇತ್ತೇ ಎಂದು ಮಾತ್ರ ವಿಚಾರಿಸಿದರು.

ಇಂಗ್ಲೆಂಡಿನಲ್ಲಿ ಹೇಗಿತ್ತು ಎಂದು ನೋಡುವ ಕೆಲಸ ಬಂದದ್ದು ನನಗೆ. ಬಾಗಿಲ ಬಳಿ ಚೌಕಟ್ಟು ಹಾಕಿ ತೂಗುಹಾಕಲು ಪಬ್ಬಿನ ಚರಿತ್ರೆ ಬೇಕು, ಇಂಗ್ಲಿಷಿನಲ್ಲಿ ಒಂದು ಪುಟ, ಅರಬ್ಬಿಗೆ ಬೇರೆಯವರು ತಿರುಗಿಸುತ್ತಾರೆ ಎಂದು ಬೂ ಸಾಲೆಮ್ ತಗಡಿನ ಪೆಟ್ಟಿಗೆಯನ್ನು ನನ್ನ ಮೇಜಿನ ಮೇಲೆ ಇರಿಸಿದರು. ಷರತ್ತು ಒಂದೇ. ಕುಡಿತದ ಮಾತು ಬರಕೂಡದು.

ಪೆಟ್ಟಿಗೆಯಲ್ಲಿ ಮೂರು ದಪ್ಪ ನೋಟುಬುಕ್ಕುಗಳಿದ್ದವು. ಪಬ್ಬನ್ನು ಬಹುಕಾಲ ನಡೆಸಿದ ಒಬ್ಬ ವಿಧವೆ ದಿನವೂ ಬರೆದಿಟ್ಟದ್ದು. ಓದತೊಡಗಿದಂತೆ ನನಗೆ ಮೈ ಜುಮ್ಮೆಂದಿತು. ಈಕೆಯೂ ನನ್ನಂತೆಯೇ ಎಣಿಸುವವಳು. ಯಾವ ದಿನ ಎಷ್ಟು ಕೊಡೆ ಬಿಟ್ಟುಹೋದರು, ಯಾರು ಯಾರಿಗೆ ಹೊಡೆದರು, ಬೆಕ್ಕು ಎಷ್ಟು ಮರಿ ಹಾಕಿತು. ಹತ್ತೊಂಬತ್ತು ದಿನ ಕುಳಿತು ನಾನು ಆಕೆಯ ಎಣಿಕೆಯನ್ನು ಮತ್ತೆ ಎಣಿಸಿದೆ. ಕುಡಿತದ ಪ್ರಸ್ತಾಪ ಮುನ್ನೂರ ನಲವತ್ತು. ಜಗಳ ಇಪ್ಪತ್ತಮೂರು. ಮರೆತುಹೋದ ಕೊಡೆ ಐವತ್ತೇಳು, ಮರದ ಕಾಲು ಒಂದು. ಮದುವೆ ಊಟ ಹನ್ನೊಂದು. ಸತ್ತವರ ವಿಚಾರಣೆ ಆರು. ಆ ಕಾಲದಲ್ಲಿ ಅಸಹಜವಾಗಿ ಯಾರಾದರೂ ಸತ್ತರೆ ವಿಚಾರಣೆ ನಡೆಸಲು ಬೀದಿಯಲ್ಲಿ ಬೇರೆ ದೊಡ್ಡ ಕೋಣೆ ಇರುತ್ತಿರಲಿಲ್ಲವಂತೆ, ಹೆಣವನ್ನು ಪಬ್ಬಿಗೇ ತರುತ್ತಿದ್ದರು. ನಮ್ಮ ಕೌಂಟರಿನ ಮೇಲೂ ಒಮ್ಮೆ ಇಟ್ಟಿದ್ದರು.

ಮುನ್ನೂರ ನಲವತ್ತನ್ನು ತೆಗೆದ ಮೇಲೆ ಉಳಿದದ್ದನ್ನು ಉಮರಾಕರಿಗೆ ಓದಿ ಅರ್ಥ ಹೇಳಿದೆ. ಸರಳು ತಿಕ್ಕುತ್ತಾ ಕೇಳಿದರು. ಸಾಲ ಕೇಳಲು ಬಂದವರು, ಕಾಗದ ಬರೆಸಿಕೊಳ್ಳಲು ಬಂದವರು, ಹೆಂಡತಿಯ ಮೇಲೆ ದೂರು ಹೇಳಲು ಬಂದವರು, ಮಳೆ ನಿಲ್ಲಲೆಂದು ಬಂದು ವರ್ಷವಿಡೀ ಬಂದವರು. ಅವರು ಕೈ ನಿಲ್ಲಿಸಿದರು.

"ಇದು ನಮ್ಮ ಕೆಫೆಟೇರಿಯವೇ ಅಲ್ವಾ? ಇವರು ಎಂತಕ್ಕೆ ಸುಮ್ಮನೆ ಬಿಯರು ಕುಡ್ದು ಹಾಳಾದ್ದು?" ಎಂದರು. ಮತ್ತೆ, "ಒಂದೇ ಗ್ಲಾಸು ಇಟ್ಕೊಂಡು ಕೂರ್ತಾರಲ್ಲ, ಅವರಿಗೆ ಎಂತ ಮಾಡ್ತಿದ್ಲು ಆ ಹೆಂಗಸು?"

ನಾನು ಪುಟ ಹುಡುಕಿದೆ. ಸುಳ್ಳು ಹೇಳುವ ಅಭ್ಯಾಸವಿಲ್ಲದವನಿಗೆ ಇಂಥ ಹೊತ್ತಿನಲ್ಲಿ ಪುಟ ಬೇಗ ಸಿಗುತ್ತದೆ. "ಪೊರಕೆ ತರ್ತಿದ್ಲು ಉಮರಾಕ," ಎಂದೆ. "ಏಳು ಸಲ ತಂದದ್ದು ಬರ್ದಿದ್ದಾಳೆ."

ಅವರು ಪುನಃ ಸರಳು ತಿಕ್ಕತೊಡಗಿದರು. ಆ ಶನಿವಾರ ಐವತ್ತೊಂದು ನಿಮಿಷ ಹಿಡಿಯಿತು.

ಚರಿತ್ರೆ ಬರೆಯುವಾಗ ನಾನೊಂದು ಸೂತ್ರ ಇಟ್ಟುಕೊಂಡಿದ್ದೆ. ಬಿಡಬಹುದು, ಸೇರಿಸಬಾರದು. ಬಿಯರು ಬಿಟ್ಟೆ, 'ನೆರೆಹೊರೆಯವರು ಇಲ್ಲಿ ಸೇರುತ್ತಿದ್ದರು' ಎಂದು ನಿಲ್ಲಿಸಿದೆ. ಹಂದಿಯ ವಿಷಯದಲ್ಲಿ 'ಈಗಿನ ಫಲಕದಲ್ಲಿ ಕುರಿಯನ್ನು ಕಾಣಬಹುದು' ಎಂದು ಬರೆದೆ. ಕಾಣಬಹುದಿತ್ತು. ಪುಟ ತುಂಬಲು ಮದುವೆ, ಕೊಡೆ, ಮರದ ಕಾಲು, ವಿಚಾರಣೆ ಎಲ್ಲ ಹಾಕಿದೆ. ಜೂನ್ ಒಂಬತ್ತರಂದು ಚೌಕಟ್ಟು ಗೋಡೆಗೇರಿತು. ಆ ದಿನದ ಸುಳ್ಳು ಸೊನ್ನೆ. ಬೆನ್ನು ತಟ್ಟಿಕೊಳ್ಳುವುದಕ್ಕೆ ಕೈ ಎಟುಕಿದ್ದರೆ ತಟ್ಟಿಕೊಳ್ಳುತ್ತಿದ್ದೆ.

ಹದಿನೆಂಟು ದಿನ ಆದ ಮೇಲೆ ಶುಚಿತ್ವ ನೋಡುವ ಅಧಿಕಾರಿಯೊಬ್ಬರು ಬಂದರು. ಅಡುಗೆಮನೆ ನೋಡಿ ತೃಪ್ತಿಪಟ್ಟು, ಹೊರಡುವಾಗ ಬಾಗಿಲ ಬಳಿ ನಿಂತು ಚರಿತ್ರೆ ಓದಿದರು. ಓದಿ ಹಿಂತಿರುಗಿ ಕೌಂಟರು ನೋಡಿದರು. ಅದರ ಮೇಲೆ ಆಗ ಎರಡು ತಟ್ಟೆ ಬಿರಿಯಾನಿ ಇತ್ತು.

ಹೆಣ ಇಟ್ಟದ್ದು ಇದೇ ಹಲಗೆಯೋ ಎಂದು ಅವರು ಕೇಳಿದರು. ಹೌದು, ಹಲಗೆ ಸಂಖ್ಯೆ ಮೂರರಿಂದ ಇಪ್ಪತ್ತೊಂದು ಎಂದು ನಾನು ಹೇಳಿದೆ. ಯಾವಾಗ ಎಂದರು. ನೂರ ಮೂವತ್ತು ನೂರ ನಲವತ್ತು ವರ್ಷ ಆಗಿರಬೇಕು ಎಂದೆ. ಆಮೇಲೆ ತೊಳೆದದ್ದಕ್ಕೆ ದಾಖಲೆ ಇದೆಯೇ ಎಂದರು. ಈ ಪ್ರಶ್ನೆಯಲ್ಲಿ ಏನೂ ತಪ್ಪಿಲ್ಲ ಎಂದು ನನಗೆ ಈಗಲೂ ಅನ್ನಿಸುತ್ತದೆ; ಅವರ ಜಾಗದಲ್ಲಿ ನಾನಿದ್ದರೂ ಕೇಳುತ್ತಿದ್ದೆ. ನೋಟುಬುಕ್ಕು ತಂದು ಹುಡುಕಿದೆ. ವಿಧವೆ ಹೆಣ ಬಂದದ್ದು ಬರೆದಿದ್ದಳು, ಹೋದದ್ದು ಬರೆದಿದ್ದಳು, ತೊಳೆದದ್ದು ಬರೆದಿರಲಿಲ್ಲ. ಕೌಂಟರನ್ನು ಅಧಿಕಾರಿಯ ಮುಂದೆಯೇ ಮೂರು ಸಲ ಔಷಧಿ ಹಾಕಿ ಒರೆಸಿದೆವು. ಗೋಡೆಯಲ್ಲಿ ಹೆಣದ ಮಾತು ಇರುವುದು ಊಟದ ಜಾಗಕ್ಕೆ ಒಳ್ಳೆಯದಲ್ಲ ಎಂದು ಅವರು ವಿನಯದಿಂದಲೇ ಹೇಳಿ ಹೋದರು.

ಬೂ ಸಾಲೆಮ್ ನನ್ನನ್ನು ಕರೆದು ಹೆಣ ತೆಗೆಯಲು ಹೇಳಿದರು. ಆದರೆ ಚೌಕಟ್ಟು ಅಳತೆ ಕೊಟ್ಟು ಮಾಡಿಸಿದ್ದು, ಅರಬ್ಬಿ ಪುಟಕ್ಕೆ ಸರಿಸಮ ನಿಲ್ಲಬೇಕು, ಆದ್ದರಿಂದ ಖಾಲಿ ಬಿಡುವಂತಿಲ್ಲ. ಹೆಣ ತೆಗೆದರೆ ನಾಲ್ಕು ಸಾಲಿನ ಜಾಗ ಬೀಳುತ್ತದೆ. ಯಲ್ಲಾ, ಬೇರೆ ಏನಾದರೂ ಹಾಕು ಎಂದರು.

ಈ ನಾಲ್ಕು ಸಾಲಿನ ಸುದ್ದಿ ಉಮರಾಕರ ಕಿವಿಗೆ ಬಿತ್ತು. ಮಧ್ಯಾಹ್ನ ಗಿರಾಕಿ ಇಲ್ಲದ ಹೊತ್ತಿಗೆ ನನ್ನನ್ನು ಬೆಂಕಿಯ ಮುಂದೆ ಕೂರಿಸಿ, ತಾವು ನಿಂತೇ ಹೇಳಿದರು.

"ಕಿಟಕಿ ಹತ್ರದ ಬೆಂಚು ಬೀದಿಯವರಿಗೆ. ಒಂದು ಚಾ ತಕೊಂಡವನನ್ನು ಎಬ್ಬಿಸ್ಲಿಕ್ಕಿಲ್ಲ. ಇಷ್ಟೇ ಬರಿ."

"ಇಲ್ಲದ್ದನ್ನು ಹೇಗೆ ಬರೆಯುದು ಉಮರಾಕ?"

"ಹಂದಿ ಕುರಿ ಆದದ್ದು ನಿಂಗೆ ಅಡ್ಡಿ ಇಲ್ಲ. ಬೆಂಚು ಬೆಂಚೇ ಆಗುದು ಅಡ್ಡಿಯಾ?"

"ಅದು ಪೈಂಟರ್ ಮಾಡಿದ್ದು. ನಾನು ಕುರಿ ಕಾಣ್ತದೆ ಅಂತ ಮಾತ್ರ ಬರ್ದದ್ದು."

"ನಿನ್ನ ನಿಯತ್ತು ನಂಗೆ ಗೊತ್ತುಂಟು ಮಗಾ," ಎಂದರು ಅವರು. "ಹೆಣ ಇದ್ದದ್ದನ್ನು ಕೂಡ ಬಿಡ್ಲಿಲ್ಲ ನೀನು. ಬದುಕಿದ್ದವರಿಗೆ ನಾಲ್ಕು ಸಾಲು ಇಲ್ಲ."

ನಾನು ಆಗುವುದಿಲ್ಲ ಎಂದೆ. ನನಗೆ ಆ ವಿಧವೆಯ ಚಿಂತೆಯಾಗಿತ್ತು. ತಾನು ಪೊರಕೆ ಹಿಡಿದ ಏಳು ದಿನಗಳನ್ನು ಮುಚ್ಚುಮರೆಯಿಲ್ಲದೆ ಬರೆದಿಟ್ಟ ಹೆಂಗಸನ್ನು ಇಲ್ಲದ ದಯೆ ಹೊರಿಸಿ ಗೋಡೆಗೆ ನೇತುಹಾಕುವುದು ಒಬ್ಬ ಡೈರಿಯವನು ಇನ್ನೊಬ್ಬ ಡೈರಿಯವಳಿಗೆ ಮಾಡುವ ದ್ರೋಹ ಎನ್ನಿಸಿತು. ಉಮರಾಕ ಮತ್ತೆ ಒತ್ತಾಯಿಸಲಿಲ್ಲ.

ಜುಲೈ ತಿಂಗಳ ಎರಡನೆಯ ಶುಕ್ರವಾರ ನಾನು ಯಾವುದೋ ಕಾಗದ ತರಲೆಂದು ಪಬ್ಬಿಗೆ ಹೋಗಿದ್ದೆ. ಮಧ್ಯಾಹ್ನ ಎರಡು ಗಂಟೆ. ಕಿಟಕಿಯಿಂದ ಎದುರಿನ ಬಸ್ ನಿಲ್ದಾಣ ಕಾಣುತ್ತದೆ. ಅಲ್ಲಿ ಶೇಖರಣ್ಣ ಮತ್ತು ಮೂವರು ಕಾಗದದ ಲೋಟದಲ್ಲಿ ಚಹಾ ಹಿಡಿದು ಕುಳಿತಿದ್ದರು. ತಲೆಗೆ ಒದ್ದೆ ಟವಲು. ಒಂದು ಬಸ್ಸು ಬಂತು. ನಾಲ್ವರೂ ಎದ್ದು ಬೋರ್ಡು ನೋಡಿ, ನಮ್ಮದಲ್ಲ ಎನ್ನುವಂತೆ ತಲೆಯಾಡಿಸಿ ಕುಳಿತರು. ಇನ್ನೊಂದು ಬಂತು. ಮತ್ತೆ ಎದ್ದರು, ಮತ್ತೆ ಕುಳಿತರು. ಸುಮ್ಮನೆ ಕೂರುವವರನ್ನು ಯಾರಾದರೂ ವಿಚಾರಿಸಿದರೆ ಕಷ್ಟ ಎಂದು ಹೀಗೆ ಬಸ್ಸು ಕಾಯುವವರ ವೇಷ. ನಾನು ಎಣಿಸಿದೆ. ಒಂದೂವರೆ ಗಂಟೆಯಲ್ಲಿ ಒಂಬತ್ತು ಬಸ್ಸು. ಆ ನಾಲ್ಕು ಜನ ಒಂಬತ್ತು ಸಲ ಎದ್ದು ಒಂಬತ್ತು ಸಲ ಕುಳಿತರು. ಹೊರಗೆ ಹೋಗಿ, ಇಷ್ಟು ಸೆಕೆಯಲ್ಲಿ ಕೋಣೆಗೆ ಹೋಗಬಾರದೇ ಎಂದು ಶೇಖರಣ್ಣನನ್ನು ಕೇಳಿದೆ.

"ಕೋಣೆಯಲ್ಲಿ ಮಲಗ್ಲಿಕ್ಕೆ ಆಗ್ತದೆ ರಿಜಿಸ್ಟರೇ, ಕೂರ್ಲಿಕ್ಕೆ ಎಲ್ಲಿ ಆಗ್ತದೆ? ಆರು ಜನಕ್ಕೆ ಆರು ಮಂಚ," ಎಂದರು. ಮತ್ತೆ ನನ್ನ ಜೇಬಿನ ಪುಸ್ತಕ ನೋಡಿ, "ಒಂಬತ್ತು ಬಸ್ಸಾ? ಸರಿಯಾಗಿ ಬರಿ. ಎರಡನೇದು ಕಂಪೆನಿ ಬಸ್ಸು, ಅದಕ್ಕೆ ನಾವು ಸುಮ್ಮನೆ ಎದ್ದದ್ದು."

ಅಂದರೆ ಉಳಿದ ಎಂಟಕ್ಕೆ ನಿಜವಾಗಿ ಎದ್ದಿದ್ದರಂತೆ.

ಮರುದಿನ ಸಂಜೆ ನಾಲ್ಕೂ ಇಪ್ಪತ್ತಕ್ಕೆ, ಕಚೇರಿಯ ಮೇಜಿನಲ್ಲಿ, ನಾನು ಹೆಣ ತೆಗೆದ ಜಾಗದಲ್ಲಿ ಬೆಂಚು ಇಟ್ಟೆ. ಕಿಟಕಿಯ ಪಕ್ಕದ ಉದ್ದ ಬೆಂಚು ನೆರೆಹೊರೆಯವರಿಗೆ ಮೀಸಲಾಗಿತ್ತು, ಒಂದೇ ಲೋಟ ಹಿಡಿದು ಎಷ್ಟು ಹೊತ್ತು ಕುಳಿತವರನ್ನೂ ಎಬ್ಬಿಸುತ್ತಿರಲಿಲ್ಲ, ಇದು ಈ ಮನೆಯ ಹಳೆಯ ಪದ್ಧತಿ. ಸರಿಯಾಗಿ ನಾಲ್ಕು ಸಾಲು ಬಂತು. ಡೈರಿಯ ಗೆರೆಯ ಕೆಳಗೆ ಒಂದು ಎಂದು ಬರೆದೆ. ಒಂದೇ ಆದರೂ ಅದು ಚೌಕಟ್ಟು ಹಾಕಿಸಿಕೊಂಡ ಸುಳ್ಳು.

ಬೂ ಸಾಲೆಮ್ ಎರಡು ಸಲ ಓದಿದರು. ತಾನು ಅಲ್ಲಿ ಕೂರುತ್ತಿದ್ದಾಗ ಯಾರೂ ಇದನ್ನು ಹೇಳಲಿಲ್ಲವಲ್ಲ, ಏನಾದರೂ ತಿಂದರಷ್ಟೇ ಕೂರಲು ಬಿಡುತ್ತಿದ್ದರು ಎಂದರು. ಅದು ಈಚಿನ ಯಜಮಾನರ ಕಾಲ, ಇದು ಹಳೆಯದು ಎಂದೆ. ಆ ದಿನದ ಸಂಖ್ಯೆಯೂ ಒಂದು. ಬೂ ಸಾಲೆಮ್, ಹಾಗಾದರೆ ಸರಿ, ಇಂಗ್ಲೆಂಡಿನ ಆ ಬೀದಿಯಲ್ಲೇ ಹುಟ್ಟಿ ಬೆಳೆದ ಒಬ್ಬ ಮುದುಕರು ಮುಂದಿನ ತಿಂಗಳು ಕುವೈತಿನಲ್ಲಿರುವ ಮಗನ ಮನೆಗೆ ಬರುತ್ತಾರೆ, ಅವರನ್ನು ಕೇಳೋಣ. ಅವರು ಹೌದೆಂದರೆ ಬೆಂಚು ಬಿಡೋಣ, ಅಸ್ಲಿ ಎಂದರೆ ಅಸ್ಲಿ ಎಂದರು.

ಅಲ್ಲಿಂದ ಇಪ್ಪತ್ತಾರು ದಿನ ನಾನು ಸರಿಯಾಗಿ ಉಣ್ಣಲಿಲ್ಲ. ಮುದುಕರು ಬಂದರೆ ನನ್ನ ಬೆಂಚೊಂದೇ ಅಲ್ಲ, ತಿರುಗುಮುರುಗಾದ ಪಬ್ಬು, ಸುರುಳಿ ಬಾಲದ ಕುರಿ ಎಲ್ಲವೂ ಬಯಲಾಗಬೇಕು. ಮಾಲೀಕರಿಗೆ ಸುಳ್ಳು ಬರೆದುಕೊಟ್ಟವನನ್ನು ಯಾರು ಇಟ್ಟುಕೊಳ್ಳುತ್ತಾರೆ? ಉಮರಾಕ ಒಂದು ದಿನ ನನ್ನ ಮುಖ ನೋಡಿ, "ಹೆದರ್ಬೇಡ. ನಾನು ಹೇಳಿ ಬರೆಸಿದ್ದು ಅಂತ ಹೇಳ್ತೇನೆ. ನಂದು ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಕಳಿಸ್ಲಿ," ಎಂದರು. ಅವರು ತಮಾಷೆಗೆ ಹೇಳಿದ್ದಲ್ಲ. ಮರುದಿನ ನೋಡಿದರೆ ತಮ್ಮ ಹಳೇ ಕೆಫೆಟೇರಿಯದ ದೊಡ್ಡ ಕೆಟಲನ್ನು ತೊಳೆದು ಪೇಪರಿನಲ್ಲಿ ಸುತ್ತಿಟ್ಟಿದ್ದರು, ಊರಿಗೆ ಒಯ್ಯಲು.

ಮುದುಕರು ಆಗಸ್ಟಿನ ಒಂದು ಮಧ್ಯಾಹ್ನ ಬಂದರು. ಎಂಬತ್ತು ದಾಟಿದ ವಯಸ್ಸು, ಬಿಸಿಲಿಗೆ ಟೊಮೆಟೊದಂತಾದ ಮುಖ, ಕೈಯಲ್ಲಿ ಕೋಲು. ಬಾಗಿಲಲ್ಲಿ ನಿಂತು ಫಲಕವನ್ನು ಬಹಳ ಹೊತ್ತು ನೋಡಿದರು. ಅದೇ ಹಂದಿ, ಸ್ವಲ್ಪವೂ ಬದಲಾಗಿಲ್ಲ ಎಂದರು. ಒಳಗೆ ಬಂದು ಸುತ್ತ ಕಣ್ಣಾಡಿಸಿ, ಪ್ರತಿ ಹಲಗೆಯೂ ಇದ್ದಲ್ಲೇ ಇದೆ ಎಂದರು. ಆಮೇಲೆ ನೇರವಾಗಿ ಕಿಟಕಿ ಪಕ್ಕದ ಬೆಂಚಿಗೆ ಹೋಗಿ, ಏಸಿಯ ಗಾಳಿಗೆ ಮುಖವೊಡ್ಡಿ ಕುಳಿತರು. ಉಮರಾಕ ಚಹಾ ತಂದಿಟ್ಟರು. ಬೂ ಸಾಲೆಮ್ ಪಕ್ಕದಲ್ಲಿ ಕುಳಿತು ಹಳೇ ಕಾಲ ಮಾತಾಡಿದರು. ಹೊರಗೆ ಬಿಸಿಲು ಇಳಿಯುವವರೆಗೆ ಮುದುಕರು ಏಳಲಿಲ್ಲ. ಮೂರು ಗಂಟೆ ಹತ್ತು ನಿಮಿಷ, ಒಂದೇ ಚಹಾ.

ಕೊನೆಗೆ ಬೂ ಸಾಲೆಮ್ ಚೌಕಟ್ಟು ತೋರಿಸಿ, ಈ ಬೆಂಚಿನ ಮಾತು ನಿಜವೇ ಎಂದು ಕೇಳಿದರು. ಮುದುಕರು ಕನ್ನಡಕ ಏರಿಸಿ ನಾಲ್ಕು ಸಾಲನ್ನು ಓದಿದರು. ತಣ್ಣಗಾದ ತಮ್ಮ ಲೋಟವನ್ನು ನೋಡಿದರು. ಆಮೇಲೆ, ನಿಜವಲ್ಲದೆ ಮತ್ತೇನು, ನನ್ನ ಅಜ್ಜ ಕೂರುತ್ತಿದ್ದದ್ದು ಇದೇ ಬೆಂಚಿನಲ್ಲಿ, ಇದೇ ಕಿಟಕಿಯ ಪಕ್ಕ, ಅವರನ್ನು ಎಬ್ಬಿಸುವ ಧೈರ್ಯ ಯಾರಿಗೂ ಇರಲಿಲ್ಲ ಎಂದರು. ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು.

ಆ ಸಂಜೆ ಡೈರಿಯಲ್ಲಿ, ಮುದುಕರು ಹೌದೆಂದದ್ದಕ್ಕೆ ನಾನು ಮೂರು ಕಾರಣ ಬರೆದೆ. ಮುದುಕರಿಗೆ ಕಣ್ಣು ಕಾಣುವುದಿಲ್ಲ. ಇಲ್ಲವೇ ತಾನೇ ಮೂರು ಗಂಟೆ ಕುಳಿತಿದ್ದಕ್ಕೆ ನಾಚಿ ಒಪ್ಪಿಕೊಂಡರು. ಇಲ್ಲವೇ ಅವರಿಗೂ ಯಾರನ್ನೋ ಎಬ್ಬಿಸುವುದು ಇಷ್ಟವಿಲ್ಲ. ಉಮರಾಕರಿಗೆ ಹೇಳಿದಾಗ ಅವರು ನಾಲ್ಕನೆಯದನ್ನು ಕೊಟ್ಟರು: ಅಜ್ಜ ಕೂತದ್ದು ನಿಜವೇ ಇರಬಹುದು, ಪೊರಕೆ ತೆಗೆಯದ ದಿನವನ್ನು ಆ ಹೆಂಗಸು ಯಾಕೆ ಬರೆಯುತ್ತಾಳೆ? ಮೂರು ನೋಟುಬುಕ್ಕು, ಸಾವಿರಾರು ದಿನ. ಪೊರಕೆ ಏಳೇ ಸಲ. ನಾನು ಏಳನ್ನು ಮಾತ್ರ ಎಣಿಸಿದ್ದೆ.

ಬೂ ಸಾಲೆಮ್ ಮಾತಿಗೆ ತಪ್ಪಲಿಲ್ಲ; ಮುಂದಿನ ಶುಕ್ರವಾರ ಶೇಖರಣ್ಣ ಜೊತೆಯವರನ್ನು ಕರೆದುಕೊಂಡು ಒಳಗೆ ಬಂದರು. ಕರೆಂಟಿನ ಬೆಂಕಿ ನೋಡಿ, "ಇದು ಯಾರ ಬೊಜ್ಜ?" ಎಂದು ಕೇಳಿ ಕುಳಿತರು. ಬೊಜ್ಜವೆಂದರೆ ನಮ್ಮ ಕಡೆ ಸತ್ತವರ ಹೆಸರಿನ ಊಟ. ಚೌಕಟ್ಟಿನ ಆ ನಾಲ್ಕು ಸಾಲಿನ ಜಾಗದಲ್ಲಿ ಮೊದಲು ಹೆಣವಿತ್ತೆಂದು ಅವರಿಗೆ ಗೊತ್ತಿರಲಿಲ್ಲ, ನಾನು ಹೇಳಲಿಲ್ಲ.

ಅದಾದ ಕೆಲವೇ ತಿಂಗಳಿಗೆ ನನ್ನನ್ನು ಪುನಃ ಮೀನಾ ಅಬ್ದುಲ್ಲಾದ ಗೋದಾಮಿಗೆ ಹಾಕಿದರು. ಶುಕ್ರವಾರವೂ ಪಾಳಿ. ಪಬ್ಬಿನ ಕಡೆ ಹೋಗದೆ ವರ್ಷಗಳೇ ಆದವು. ಹೋಗದ್ದಕ್ಕೆ ಪಾಳಿಯೊಂದೇ ಕಾರಣವಲ್ಲ; ಬಾಗಿಲಲ್ಲಿ ನನ್ನ ಸುಳ್ಳನ್ನು ದಾಟಿಕೊಂಡು ಒಳಗೆ ಹೋಗಬೇಕಲ್ಲ ಎಂಬ ಸಂಕೋಚ. ಮೊನ್ನೆ ಗುರುವಾರ ಹುಳಿಯ ವಾಸನೆ ಹಿಡಿದು ಇಷ್ಟೆಲ್ಲ ನೆನಪಾದ ಮೇಲೆ ತಡೆಯಲಾಗಲಿಲ್ಲ. ಮರುದಿನ ಅಪರೂಪಕ್ಕೆ ರಜೆಯಿತ್ತು, ಬಸ್ಸು ಹತ್ತಿದೆ.

ಬೆಂಚಿನಲ್ಲಿ ಏಳೆಂಟು ಮಂದಿ, ಹೆಚ್ಚಿನವರು ನನಗೆ ಹೊಸಬರು. ಉಮರಾಕ ಕೋಟು ಬಿಟ್ಟಿದ್ದಾರೆ, ಗಡ್ಡ ಪೂರ್ತಿ ಬಿಳಿ. ನನ್ನನ್ನು ಕಂಡು ಏನೂ ಕೇಳದೆ ಒಂದು ಚಹಾ ತಂದಿಟ್ಟರು. ಕುಡಿದು ಮುಗಿಯಿತು. ಗುರುತಿಲ್ಲದವರ ನಡುವೆ ಖಾಲಿ ಗ್ಲಾಸಿನ ಮುಂದೆ ಎಷ್ಟು ಹೊತ್ತು ಎಂದು ನಾನು ಏಳಲು ನೋಡಿದೆ. ಪಕ್ಕದಲ್ಲಿದ್ದ ಕ್ರೇನ್ ಆಪರೇಟರೊಬ್ಬರು ತೋಳು ಹಿಡಿದರು. "ಕೂತ್ಕೊಳ್ಳಿ ಮಾರ್ರೆ. ಇಲ್ಲಿ ಎಬ್ಬಿಸುವ ಕ್ರಮ ಇಲ್ಲ. ಇಂಗ್ಲೆಂಡಿನಲ್ಲಿ ಇದ್ದಾಗಿಂದ ಹಾಗೆಯೇ. ಅಲ್ಲಿ ಬರ್ದಿದ್ದಾರೆ, ಬೇಕಾದ್ರೆ ಓದಿ."

ಉಮರಾಕ ನನ್ನ ಹಿಂದೆಯೇ ನಿಂತಿದ್ದರು. ನಾನು ತಗ್ಗಿದ ದನಿಯಲ್ಲಿ, ಇವರಿಗೆ ನಿಜ ಹೇಳಬಾರದೇ, ಅದು ನಾವಿಬ್ಬರು ಕಟ್ಟಿದ್ದಲ್ಲವೇ ಎಂದೆ.

ಅವರು ನಿಜವಾಗಿ ನೊಂದುಕೊಂಡಂತೆ ನನ್ನನ್ನು ನೋಡಿದರು.

"ಕಟ್ಟಿದ್ದಾ? ನನ್ನ ಕೆಫೆಟೇರಿಯದಲ್ಲಿ ಇಪ್ಪತ್ತೆರಡು ವರ್ಷ ನಾನು ಯಾರನ್ನಾದ್ರೂ ಎಬ್ಬಿಸಿದ್ದು ನೀನು ನೋಡಿದ್ಯಾ? ಇದೇ ಗೋಡೆ, ಇದೇ ಕಿಟಕಿ. ಈ ಮನೆಯ ಹಳೇ ಕ್ರಮ ಅಂತ ನೀನು ಬರ್ದದ್ದು. ಅದರಲ್ಲಿ ಸುಳ್ಳು ಎಲ್ಲುಂಟು?"

ಉಮರಾಕ ಖಾಲಿ ಗ್ಲಾಸನ್ನು ತೆಗೆದು ಆ ಜಾಗದಲ್ಲಿ ತುಂಬಿದ ನೀರಿನ ಗ್ಲಾಸನ್ನು ಇಟ್ಟರು.

"ಖಾಲಿ ಗ್ಲಾಸು ಎದುರಿಗಿದ್ರೆ ಮನುಷ್ಯನಿಗೆ ಏಳ್ಬೇಕು ಅಂತ ಕಾಣ್ತದೆ," ಎಂದರು. "ಇನ್ನು ಕೂತ್ಕೋ."

ಬಾಗಿಲು ತೆರೆದು ಇನ್ನಿಬ್ಬರು ಒಳಗೆ ಬಂದರು. ನಾನು ಕ್ರೇನಿನವರ ಕಡೆಗೆ ಸರಿದು ಅವರಿಗೆ ಜಾಗ ಮಾಡಿದೆ.